ಕುಬ್ಜ ಗೆಲಾಕ್ಸಿಗಳ ಗ್ಯಾಮಾ ಕಿರಣಗಳಲ್ಲಿ ಕಪ್ಪು ದ್ರವ್ಯದ ಶೋಧ

ಬೆಳಕನ್ನು ಹೊಮ್ಮಿಸದೆ, ಹೀರದೆ, ಗುರುತ್ವಾಕರ್ಷಣೆಯೊಂದರಿಂದಲೇ ತನ್ನ ಇರವನ್ನು ತೋರುವ ದ್ರವ್ಯಕ್ಕೆ ಕಪ್ಪು ದ್ರವ್ಯವೆಂದು ಹೆಸರು. ಆಕಾಶಗಂಗೆಯನ್ನು ಸುತ್ತುವ ಕುಬ್ಜ ಗೆಲಾಕ್ಸಿಗಳಿಂದ, ಅಂದರೆ ನಕ್ಷತ್ರಗಳು ತೀರ ಕಡಿಮೆಯಿರುವ ಪುಟ್ಟ ಗೆಲಾಕ್ಸಿಗಳಿಂದ, ಬರಬಹುದಾದ ಗ್ಯಾಮಾ ಕಿರಣಗಳಲ್ಲಿ ಈ ದ್ರವ್ಯದ ಕಣಗಳ ಸುಳಿವನ್ನು ಅರಸುವುದು ಇಲ್ಲಿಯ ವಿಷಯ.

ಖಗೋಳವಿಜ್ಞಾನಿ ಫ್ರಿಟ್ಸ್ ಜ್ವಿಕಿ 1933ರಲ್ಲಿಯೇ ಕೋಮಾ ಗೆಲಾಕ್ಸಿಗುಚ್ಛದಲ್ಲಿ ಕಾಣದ ದ್ರವ್ಯವಿರಬೇಕೆಂದು ಸೂಚಿಸಿದ್ದರೂ, ಅದು ಎಂತಹ ಕಣಗಳಿಂದಾದುದೆಂಬ ಪ್ರಶ್ನೆ ಖಚಿತ ರೂಪ ಪಡೆದದ್ದು 1970ರ ದಶಕದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದು, ಮುಂದೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ರಾಮನಾಥ್ ಕೌಸಿಕ್ ಅವರು ಸಂಶೋಧಕ ಮೆಕ್‌ಲೆಲೆಂಡ್ ಜೊತೆಗೂಡಿ 1972-73ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ, ಆದಿವಿಶ್ವದಿಂದ ಉಳಿದುಬಂದ ನ್ಯೂಟ್ರಿನೊ ಎಂಬ ಹಗುರ ಕಣಗಳಿಗೆ ಅಲ್ಪಸ್ವಲ್ಪ ದ್ರವ್ಯರಾಶಿಯಿದ್ದರೂ ಅವುಗಳ ಮೊತ್ತವೇ ಗೆಲಾಕ್ಸಿಗುಚ್ಛಗಳನ್ನು ಹಿಡಿದಿಡಬಲ್ಲದೆಂಬ ವಾದವನ್ನು ಮುಂದಿಟ್ಟರು. ಇತರ ದ್ರವ್ಯದೊಡನೆ ಅತಿ ದುರ್ಬಲವಾಗಿ ವ್ಯವಹರಿಸುವ ಕಣಗಳೇ ಕಪ್ಪು ದ್ರವ್ಯವೆಂಬ ಚಿಂತನೆಗೆ ಇದು ಬುನಾದಿಯಾಯಿತು.

ಆದರೆ ನ್ಯೂಟ್ರಿನೊ ಎಂಬ ಅಭ್ಯರ್ಥಿಗೆ ದೊಡ್ಡ ಅಡ್ಡಿಯಾದವು ಕುಬ್ಜ ಗೆಲಾಕ್ಸಿಗಳೇ. 1983ರಲ್ಲಿ ಖಗೋಳವಿಜ್ಞಾನಿ ಮಾರ್ಕ್ ಆರನ್ಸನ್ ಡ್ರೇಕೊ ಕುಬ್ಜ ಗೆಲಾಕ್ಸಿಯ ಬೆರಳೆಣಿಕೆಯ ನಕ್ಷತ್ರಗಳ ವೇಗವನ್ನು ಅಳೆದಾಗ, ಕಾಣುವ ನಕ್ಷತ್ರಗಳ ತೂಕಕ್ಕಿಂತ ಎಷ್ಟೋ ಹೆಚ್ಚು ದ್ರವ್ಯ ಅಲ್ಲಿರುವ ಲಕ್ಷಣ ಕಂಡಿತು. ಅಷ್ಟು ಸಣ್ಣ ಜಾಗದಲ್ಲಿ ಹಗುರ ನ್ಯೂಟ್ರಿನೊಗಳನ್ನು ಅಷ್ಟು ದಟ್ಟವಾಗಿ ತುಂಬಲು ಕ್ವಾಂಟಮ್ ನಿಯಮಗಳು ಎಡೆಗೊಡುವುದಿಲ್ಲವಾದ್ದರಿಂದ ವಿಜ್ಞಾನಿಗಳ ಗಮನ ಭಾರವಾದ ಕಣಗಳತ್ತ ತಿರುಗಿತು.

ಅಂತಹ ಎರಡು ಕಣಗಳು ಡಿಕ್ಕಿ ಹೊಡೆದು ಪರಸ್ಪರ ನಾಶವಾದಾಗ ಕೊನೆಗೆ ಗ್ಯಾಮಾ ಕಿರಣಗಳು ಹೊಮ್ಮುತ್ತವೆಂಬುದು ಶೋಧದ ತಳಹದಿ. ಡಿಕ್ಕಿಗಳ ಪ್ರಮಾಣವು ಸಾಂದ್ರತೆಯ ವರ್ಗವನ್ನು ಅನುಸರಿಸುವುದರಿಂದ ಆಕಾಶಗಂಗೆಯ ಕೇಂದ್ರವೇ ಅತ್ಯಂತ ಪ್ರಖರವಾಗಿರಬೇಕು. ಆದರೆ ಅಲ್ಲಿ ಪಲ್ಸಾರ್‌ಗಳು, ಸೂಪರ್‌ನೋವಾ ಅವಶೇಷಗಳು, ಅನಿಲಮೋಡಗಳು ತಮ್ಮದೇ ಗ್ಯಾಮಾ ಕಿರಣಗಳನ್ನು ಸೂಸುತ್ತ ಸಂಕೇತವನ್ನು ಮುಚ್ಚಿಬಿಡುತ್ತವೆ. ಅನಿಲವಾಗಲಿ ಹೊಸ ನಕ್ಷತ್ರಗಳಾಗಲಿ ಇಲ್ಲದ ಕುಬ್ಜ ಗೆಲಾಕ್ಸಿಗಳಲ್ಲಿ ಸಂಕೇತ ಮಂದವಾದರೂ ಗದ್ದಲವಿಲ್ಲ.

2008ರ ಜೂನ್ 11ರಂದು ಉಡಾವಣೆಗೊಂಡ ಗ್ಯಾಮಾ ಕಿರಣಗಳನ್ನು ವೀಕ್ಷಿಸುವ ಫರ್ಮಿ ಉಪಗ್ರಹ ಈ ಶೋಧಕ್ಕೆ ನಿಜವಾದ ಬಲ ತಂದಿತು. 15 ಗೆಲಾಕ್ಸಿಗಳ ಆರು ವರ್ಷಗಳ ದತ್ತಾಂಶವನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಸಂಕೇತವನ್ನೇನೂ ಕಾಣಲಿಲ್ಲ. ಆದರೆ ಬಾಟಮ್ ಕ್ವಾರ್ಕ್ ಅಥವಾ ಟೌ ಕಣಗಳಾಗಿ ನಾಶವಾಗುವ, ಪ್ರೋಟಾನಿನ ಸುಮಾರು ನೂರು ಪಟ್ಟಿಗಿಂತ ಕಡಿಮೆ ಭಾರದ ಕಣಗಳ ಸರಳ ಮಾದರಿಯನ್ನು ಇಕ್ಕಟ್ಟಿಗೆ ಸಿಲುಕಿಸಿತು. ಅದೇ ವರ್ಷ ಹೊಸದಾಗಿ ಕಂಡ ರೆಟಿಕ್ಯುಲಮ್-2 ಗೆಲಾಕ್ಸಿಯಿಂದ ತುಸು ಹೆಚ್ಚು ಕಿರಣಗಳು ಬರುತ್ತಿವೆಯೆಂಬ ಸುದ್ದಿ ಸಂಚಲನ ಉಂಟುಮಾಡಿತಾದರೂ ಫರ್ಮಿ ತಂಡದ ಲೆಕ್ಕದಲ್ಲಿ ಅದು ಗಣನೀಯವಾಗಿರಲಿಲ್ಲ. ನೆಲದ ದೂರದರ್ಶಕಗಳು ಇನ್ನೂ ಭಾರವಾದ ಕಣಗಳನ್ನು ಅರಸಿದವು: ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ಸುಮಾರು 75,000 ಜ್ಯೋತಿರ್ವರ್ಷ ದೂರದ ಸೆಗ್ಯೂ-1 ಕುಬ್ಜ ಗೆಲಾಕ್ಸಿಯನ್ನು 2011ರಿಂದ 2013ರವರೆಗೆ 160 ಗಂಟೆಗಳಷ್ಟು ವೀಕ್ಷಿಸಿಯೂ ಬರಿಗೈಯಲ್ಲಿ ಮರಳಿದವು. ಇಂತಹ ಫಲಿತಾಂಶಗಳನ್ನು ಎಚ್ಚರದಿಂದ ಓದಬೇಕು. ಸೆಗ್ಯೂ-1ರ ಕಪ್ಪು ದ್ರವ್ಯದ ಅಂದಾಜು ಕೆಲವೇ ಹತ್ತು ನಕ್ಷತ್ರಗಳ ವೇಗವನ್ನು ಆಧರಿಸಿದ್ದು, ಹೊರಗಿನ ಒಂದೆರಡು ನಕ್ಷತ್ರಗಳು ಎಣಿಕೆಯಲ್ಲಿ ಸೇರಿದರೂ ಲೆಕ್ಕವೇ ಬದಲಾಗುತ್ತದೆ.

ಭಾರತದಲ್ಲಿ ಗ್ಯಾಮಾ ಕಿರಣಗಳ ವೀಕ್ಷಣೆಗೆ ಮುಖ್ಯ ನೆಲೆ ಲಡಾಖ್‌ನ ಹಾನ್ಲೆ. ಸುಮಾರು 4,500 ಮೀಟರ್ ಎತ್ತರದ ಅಲ್ಲಿನ ವೀಕ್ಷಣಾಲಯವನ್ನು ಬೆಂಗಳೂರಿನ ಖಭೌತ ಸಂಸ್ಥೆ ಕೌಸಿಕ್ ಅವರ ಅವಧಿಯಲ್ಲಿ ಕಟ್ಟಿತು. ಅದೇ ಸಂಸ್ಥೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೊಡನೆ ಸ್ಥಾಪಿಸಿದ ಏಳು ದೂರದರ್ಶಕಗಳ ಹಗಾರ್ ಸಮೂಹವು 2008ರಿಂದ ಮುಖ್ಯವಾಗಿ ಕ್ರ್ಯಾಬ್ ಪಲ್ಸಾರ್, ಮಾರ್ಕೇರಿಯನ್ 421ರಂತಹ ಪ್ರಖರ ಮೂಲಗಳನ್ನು ಗಮನಿಸಿತು. ಭಾಭಾ ಅಣು ಸಂಶೋಧನಾ ಕೇಂದ್ರ ಅಲ್ಲಿಯೇ ನಿರ್ಮಿಸಿದ, 21 ಮೀಟರ್ ವ್ಯಾಸದ ಮೇಸ್ ದೂರದರ್ಶಕವು 2024ರ ಅಕ್ಟೋಬರ್ 4ರಂದು ಉದ್ಘಾಟನೆಗೊಂಡಿತು. ಡ್ರೇಕೊ ಮತ್ತು ಸೆಗ್ಯೂ-1 ಎರಡೂ ಹಾನ್ಲೆಯ ಆಕಾಶದಲ್ಲಿ ಸಾಕಷ್ಟು ಎತ್ತರಕ್ಕೆ ಏರುವುದರಿಂದ, ಕುಬ್ಜ ಗೆಲಾಕ್ಸಿಗಳ ಶೋಧಕ್ಕೆ ಈ ಉಪಕರಣ ಯೋಗ್ಯ ಸ್ಥಳದಲ್ಲಿದೆ.