ಟೆಲಿಗ್ರಾಫ್ ತಂತಿಗೆ ಸಿಕ್ಕ ನೆಲದಾಳದ ಸುಳಿವು

1847ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ರೈಲ್ವೆ ಎಂಜಿನಿಯರ್ ವಿಲಿಯಂ ಹೆನ್ರಿ ಬಾರ್ಲೋ ಒಂದು ವಿಚಿತ್ರವನ್ನು ಗಮನಿಸಿದ. ಯಾರೂ ಸಂದೇಶ ಕಳಿಸದಿದ್ದರೂ ಟೆಲಿಗ್ರಾಫ್ ಯಂತ್ರದ ಮುಳ್ಳು ತಾನಾಗಿಯೇ ಅತ್ತಿತ್ತ ವಾಲುತ್ತಿತ್ತು. ಧ್ರುವಪ್ರಭೆ ಕಾಣಿಸಿದ ರಾತ್ರಿಗಳಲ್ಲಂತೂ ಅದರ ಕುಣಿತ ಇನ್ನೂ ಜೋರು. ತಂತಿಯ ಎರಡೂ ತುದಿಗಳನ್ನು ನೆಲಕ್ಕೆ ಜೋಡಿಸಿದ್ದಾಗ ಮಾತ್ರ ಹೀಗಾಗುತ್ತಿತ್ತು. ಅಂದರೆ ಕರೆಂಟು ನೆಲದಲ್ಲೇ ಹರಿಯುತ್ತಿತ್ತು.

ಹನ್ನೆರಡು ವರ್ಷಗಳ ನಂತರ, 1859ರ ಸೆಪ್ಟೆಂಬರ್ 2ರಂದು, ಭಾರೀ ಸೌರ ಬಿರುಗಾಳಿ ಭೂಮಿಗೆ ಅಪ್ಪಳಿಸಿತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲೆಂಡಿನ ಟೆಲಿಗ್ರಾಫ್ ನೌಕರರು ಬ್ಯಾಟರಿಗಳನ್ನು ಕಳಚಿಟ್ಟು, ಬರಿಯ ಆ ನೆಲದ ಕರೆಂಟಿನಲ್ಲೇ ಪರಸ್ಪರ ಮಾತಾಡಿದರು! ಆದರೆ ಕಂಪನಿಗಳ ಪಾಲಿಗೆ ಇದು ತೊಲಗಿದರೆ ಸಾಕೆನ್ನುವ ಪೀಡೆಯಾಗಿತ್ತು.

ಆ ಪೀಡೆಯಲ್ಲೇ ಶಿಲೆಗಳ ಸುದ್ದಿಯಿದೆ ಎಂದು ಗಣಿತದಿಂದ ತೋರಿಸಲು ಮತ್ತೊಂದು ಶತಮಾನ ಬೇಕಾಯಿತು. 1950ರಲ್ಲಿ ಸೋವಿಯತ್ ಗಣಿತಜ್ಞ ತಿಖೊನೊವ್, 1953ರಲ್ಲಿ ಫ್ರಾನ್ಸಿನ ಲೂಯಿ ಕಾನ್ಯಾರ್ ಆ ಕೆಲಸ ಮಾಡಿದರು. ಸೂರ್ಯನ ಕಾಟದಿಂದ ಭೂಮಿಯ ಕಾಂತಕ್ಷೇತ್ರ ಅಲುಗಿದಾಗ ನೆಲದಲ್ಲಿ ವಿದ್ಯುತ್ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ಅಳೆದರೆ ಕೆಳಗಿನ ಕಲ್ಲು ಕರೆಂಟಿಗೆ ಎಷ್ಟು ಅಡ್ಡಿ ಎನ್ನುವುದು ತಿಳಿಯುತ್ತದೆ. ವೇಗದ ಅಲುಗಾಟ ಮೇಲ್ಪದರದಲ್ಲೇ ಸೋತುಹೋಗುತ್ತದೆ, ನಿಧಾನದ್ದು ಆಳಕ್ಕೆ ಇಳಿಯುತ್ತದೆ. ನೂರು ಓಮ್-ಮೀಟರ್ ನಿರೋಧವಿರುವ ಕಲ್ಲಿನಲ್ಲಿ ಒಂದು ಸೆಕೆಂಡಿಗೊಮ್ಮೆ ಬರುವ ಅಲೆ ಸುಮಾರು 5 ಕಿ.ಮೀ., ನೂರು ಸೆಕೆಂಡಿಗೊಮ್ಮೆ ಬರುವುದು ಸುಮಾರು 50 ಕಿ.ಮೀ. ಇಳಿಯುತ್ತದೆ. ರಷ್ಯದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದ ರಂಧ್ರ ಮುಟ್ಟಿದ್ದು 12 ಕಿ.ಮೀ. ಚಿಲ್ಲರೆ ಆಳವನ್ನಷ್ಟೆ. ಇಲ್ಲಿ ಕೊರೆಯುವುದೂ ಇಲ್ಲ, ಸಿಡಿಸುವುದೂ ಇಲ್ಲ; ನಾಲ್ಕು ವಿದ್ಯುದ್ವಾರ, ಕೆಲವು ಸುರುಳಿಗಳನ್ನು ಹೂತು ಕಾಯಬೇಕು, ಅಷ್ಟೆ.

1990ರ ದಶಕದಲ್ಲಿ ಟಿಬೆಟಿನಲ್ಲಿ ಹೀಗೆ ಕಾದವರಿಗೆ 15–20 ಕಿ.ಮೀ. ಕೆಳಗೆ ವಿದ್ಯುತ್ತು ಸಲೀಸಾಗಿ ಹರಿಯುವ ಪದರ ಸಿಕ್ಕಿತು. ಅಲ್ಲಿರುವುದು ಕರಗಿದ ಶಿಲೆಯೋ ಉಪ್ಪುನೀರೋ? ಈ ವಿಧಾನ ನಿರೋಧವನ್ನು ಹೇಳುತ್ತದೆಯೇ ಹೊರತು ಕಲ್ಲಿನ ಹೆಸರನ್ನಲ್ಲ. ಅದನ್ನು ಮರೆತು ಬಣ್ಣದ ನಕ್ಷೆಗಳನ್ನು ಫೋಟೋ ಎಂಬಂತೆ ನೋಡುವುದು ಅಪಾಯ.

ನಿರೋಧದ ಲೆಕ್ಕ ಎಷ್ಟು ದುಬಾರಿ ಎಂಬುದು 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ಗೆ ತಿಳಿಯಿತು. ಅಲ್ಲಿನ ಪುರಾತನ ಗಟ್ಟಿ ಶಿಲೆ ಕರೆಂಟನ್ನು ಸುಲಭಕ್ಕೆ ಬಿಟ್ಟುಕೊಳ್ಳದು. ಸೌರ ಬಿರುಗಾಳಿ ಹುಟ್ಟಿಸಿದ ಕರೆಂಟು ವಿದ್ಯುತ್ ಮಾರ್ಗಗಳಿಗೇ ನುಗ್ಗಿತು. ಸುಮಾರು ಒಂದೂವರೆ ನಿಮಿಷದಲ್ಲಿ ಇಡೀ ಜಾಲ ಕುಸಿದು, 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2006ರಿಂದ ಅಮೆರಿಕದಲ್ಲಿ ಸುಮಾರು 70 ಕಿ.ಮೀ.ಗೊಂದರಂತೆ ಇಂಥ ಉಪಕರಣಗಳನ್ನಿಟ್ಟು ಖಂಡದ ಒಡಲನ್ನು ಅಳೆಯಲಾಯಿತು. ಮುಂದಿನ ಬಿರುಗಾಳಿಗೆ ಯಾವ ವಿದ್ಯುತ್ ಮಾರ್ಗ ಮೊದಲು ಬಲಿಯಾದೀತು ಎಂದು ಅಂದಾಜಿಸಲು ಈಗ ಆ ಅಳತೆಗಳನ್ನೇ ಬಳಸುತ್ತಿದ್ದಾರೆ.