ಗ್ರೀನಿಚ್‌ನ ಡಚ್ ಕಡಲ ಚಿತ್ರಕಾರರು: ಫಾನ್ ಡೆ ವೆಲ್ಡೆ ತಂದೆ-ಮಗನ ವಲಸೆ

ವಿಲೆಮ್ ಫಾನ್ ಡೆ ವೆಲ್ಡೆ ಎಂಬ ಒಂದೇ ಹೆಸರಿನ ತಂದೆ, ಮಗ ಇಬ್ಬರೂ ಹುಟ್ಟಿದ್ದು ಹಾಲೆಂಡಿನ ಲೈಡನ್‌ನಲ್ಲಿ. ತಂದೆ 1611ರಲ್ಲಿ, ಮಗ 1633ರಲ್ಲಿ. 1672-73ರ ಚಳಿಗಾಲದಲ್ಲಿ ಅವರು ಇಂಗ್ಲೆಂಡಿಗೆ ಬಂದು ನೆಲೆಸಿದಾಗ ಎರಡೂ ದೇಶಗಳ ನಡುವೆ ಯುದ್ಧ ನಡೆದಿತ್ತು. ಹಾಗಾಗಿ ಈ ವಲಸೆಯನ್ನು ಪಕ್ಷಾಂತರವೆಂದು ಓದಿಬಿಡುವುದು ಸುಲಭ. ಅವರ ಕೆಲಸದ ಹಾಳೆಗಳ ಮುಂದೆ ಆ ಓದು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

1672 ಡಚ್ಚರ ಪಾಲಿಗೆ ಕೇಡಿನ ವರ್ಷ. ಫ್ರೆಂಚ್ ಸೈನ್ಯ ನಾಡಿನೊಳಕ್ಕೆ ನುಗ್ಗಿತ್ತು. ಚಿತ್ರ ಕೊಳ್ಳುವವರು ಇಲ್ಲವಾದರು. ಇತ್ತ ಎರಡನೆಯ ಚಾರ್ಲ್ಸ್ ದೊರೆ ಡಚ್ ವಲಸಿಗರಿಗೆ ಆಶ್ರಯ ಸಾರಿದ್ದ. 1674ರ ರಾಜಾಜ್ಞೆಯೊಂದು ಇಲ್ಲಿ ಮುಖ್ಯ: ಕಡಲ ಕದನಗಳ ರೇಖಾಚಿತ್ರ ಬರೆಯಲು ತಂದೆಗೆ ವರ್ಷಕ್ಕೆ 100 ಪೌಂಡ್, ಅವಕ್ಕೆ ಬಣ್ಣ ತುಂಬಲು ಮಗನಿಗೆ 100 ಪೌಂಡ್. ಕಲಾಚರಿತ್ರೆ ಮಗನನ್ನೇ ಹೆಚ್ಚು ಕೊಂಡಾಡಿದೆ. ಸಂಬಳದ ಪತ್ರವಾದರೋ ರೇಖೆ ಮತ್ತು ಬಣ್ಣಗಳನ್ನು ಒಂದೇ ತಕ್ಕಡಿಯಲ್ಲಿಟ್ಟಿದೆ. ಅದು ಸರಿಯಾದ ತೂಕ.

ಆ ರೇಖೆ ಸಿದ್ಧಿಸಿದ್ದು ನೀರಿನ ಮೇಲೆ. 1653ರ ಟೆರ್‌ಹೈಡೆ ಕದನದಲ್ಲಿ ತಂದೆ ಚಿಕ್ಕ ಹಡಗೊಂದರಲ್ಲಿ ಡಚ್ ನೌಕಾಪಡೆಯ ಜೊತೆಗಿದ್ದು, ಫಿರಂಗಿಗಳ ನಡುವೆ ಕಂಡದ್ದನ್ನು ಕಾಗದಕ್ಕಿಳಿಸಿದ. ಆಮೇಲೆ ಬರೆದ ಆ ಕದನದ ದೊಡ್ಡ ಚಿತ್ರದಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಾನೆ, ಕುಳಿತು ಬರೆಯುತ್ತಿರುವವನಾಗಿ. ಅವನದು ಲೇಖನಿಯ ಚಿತ್ರ: ಬಿಳಿ ಬಳಿದ ಹಲಗೆಯ ಮೇಲೆ ಮಸಿಯ ಸಣ್ಣ ಗೀಟುಗಳು. ಹಾಯಿಯ ಉಬ್ಬು, ಹಗ್ಗದ ಬಿಗಿತ, ಅಲೆಯ ಮಡಿಕೆ ಎಲ್ಲವೂ ಗೀಟುಗಳ ದಟ್ಟಣೆಯಿಂದಲೇ ಮೂಡಬೇಕು.

ಇನ್ನೊಂದು ಉಪಾಯವೂ ಅವರಿಗಿತ್ತು. ಸೀಸದ ಕಡ್ಡಿಯಿಂದ ಬರೆದ ಹಡಗಿನ ಮೇಲೆ ಒದ್ದೆ ಕಾಗದವನ್ನು ಒತ್ತಿದರೆ ಹಡಗು ತಿರುವುಮುರುವಾಗಿ ಅಚ್ಚಾಗುತ್ತದೆ. ಮಸುಕು ಗೆರೆಗಳನ್ನು ತಿದ್ದಿಕೊಂಡರೆ ಹೊಸ ಪ್ರತಿ ಸಿದ್ಧ. ಹೀಗೆ ಒಮ್ಮೆ ಕಣ್ಣಾರೆ ಕಂಡ ಹಡಗು ವರ್ಷಗಳ ನಂತರವೂ ಬೇರೊಂದು ಚಿತ್ರಕ್ಕೆ ಒದಗುತ್ತಿತ್ತು. ಅವರು ಇಂಗ್ಲೆಂಡಿನಲ್ಲಿ ಹೂಡಿದ ಬಂಡವಾಳ ಈ ಹಾಳೆಗಳೇ. ಅವುಗಳಲ್ಲಿ ಡಚ್ ಹಡಗಿಗೂ ಇಂಗ್ಲಿಷ್ ಹಡಗಿಗೂ ಸಿಕ್ಕಿರುವ ನಿಗಾ ಒಂದೇ. ಯಾರ ಬಾವುಟವಾದರೂ ಹಿಂಭಾಗದ ಕೆತ್ತನೆ ತಪ್ಪುವುದಿಲ್ಲ.

ದೊರೆ ಅವರಿಗೆ ಕೆಲಸದ ಕೋಣೆ ಕೊಟ್ಟದ್ದು ಗ್ರೀನಿಚ್‌ನ ಕ್ವೀನ್ಸ್ ಹೌಸಿನಲ್ಲಿ. ತಂದೆ 1693ರಲ್ಲಿ, ಮಗ 1707ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡರು. ಕ್ವೀನ್ಸ್ ಹೌಸ್ ಈಗ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಭಾಗ. ಅವರ ರೇಖಾಚಿತ್ರಗಳ ಅತಿ ದೊಡ್ಡ ಸಂಗ್ರಹವಿರುವುದೂ ಆ ಸಂಗ್ರಹಾಲಯದಲ್ಲೇ.