ನಾಬೋತನ ದ್ರಾಕ್ಷಿತೋಟವೂ ಬಂಡೀಪುರದ ಕಾಡೂ

ಮೈಸೂರು ಅರಸರ ಬೇಟೆಕಾಡಾಗಿದ್ದ ಬಂಡೀಪುರದಲ್ಲಿ 1931ರಲ್ಲಿ 90 ಚದರ ಕಿಲೋಮೀಟರ್ ವಿಸ್ತಾರದ ವೇಣುಗೋಪಾಲ ವನ್ಯಜೀವಿ ಉದ್ಯಾನ ಸ್ಥಾಪಿತವಾಯಿತು. 1973ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಜೇನುಕುರುಬರ ಹಾಡಿಗಳು ಕಾಡಿನಂಚಿಗೆ ಸರಿದವು. ಹುಲಿ ಮೀಸಲು ಪ್ರದೇಶಗಳನ್ನು ತೊರೆಯುವ ಕುಟುಂಬಕ್ಕೆ ಕೇಂದ್ರ ಸರ್ಕಾರವು 2008ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು.

ಅನ್ನ, ಶಾಲೆ, ಔಷಧಗಳಿಗೆ ಹಣ ಬೇಕು. ಬಡತನವನ್ನೇ ಸುಖವೆಂದು ಬೋಧಿಸುವುದು ಸುವಾರ್ತೆಯಲ್ಲ. ಆದರೆ ಜೇನಿನ ಮರಕ್ಕೆ, ಹಿರಿಯರನ್ನು ಮಣ್ಣು ಮಾಡಿದ ನೆಲಕ್ಕೆ ಬೆಲೆ ಕಟ್ಟುವುದೆಂತು? ಅಹಾಬನೂ ನಾಬೋತನಿಗೆ ತೋಟದ ಕ್ರಯವನ್ನು ಕೊಡಲೊಪ್ಪಿದ್ದನು (1 ಅರಸು 21). ಪಿತೃಗಳ ಸ್ವಾಸ್ತ್ಯವು ನಾಬೋತನಿಗೆ ಮಾರಾಟದ ಸರಕಾಗಿರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಂತೆ ಇದೇ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದ ಸೋಲಿಗರು 2011ರಲ್ಲಿ ಪಡೆದದ್ದು ಹಣವನ್ನಲ್ಲ, ಕಾಡಿನ ಮೇಲಣ ಸಮುದಾಯ ಹಕ್ಕನ್ನು. ಬಡವರ ಸಂತೋಷವನ್ನು ಕುರಿತು ಪ್ರಬೋಧಿಸುವವರು ಮೊದಲು ಅವರ ಸ್ವಾಸ್ತ್ಯವನ್ನು ಕುರಿತು ಕೇಳಬೇಕು.